ಆಲೂರಿನ ಬಿಸಿಲಿನಲ್ಲಿ ನೋಡಿದ ಹಸಿರು

ಬಣ್ಣ ಹೊಂದಿಸುವವನಿಗೆ ಸಕಲೇಶಪುರದಷ್ಟು ಕಾಟ ಕೊಡುವ ಊರು ಇನ್ನೊಂದಿಲ್ಲ. ವರ್ಷದ ಅರ್ಧ ಮೋಡ, ಇನ್ನರ್ಧದಲ್ಲಿ ಬೆಳಿಗ್ಗೆ ಹತ್ತರವರೆಗೆ ಮಂಜು. ಮೋಡದ ಬೆಳಕಿನಲ್ಲಿ ಎಲ್ಲ ಬಣ್ಣವೂ ಸಾಧುವೇ. ಹಳೆ ಕೆಂಪಿನ ಪಕ್ಕ ಹೊಸ ಕೆಂಪು ಅಣ್ಣತಮ್ಮಂದಿರಂತೆ ಕೂತಿರುತ್ತದೆ. ಅದೇ ಗಾಡಿ ಹಾಸನದ ಕಡೆ ಹೊರಟು ಆಲೂರು ಮುಟ್ಟುವಷ್ಟರಲ್ಲಿ ಬಿಸಿಲು ಬೀಳುತ್ತದೆ, ಬಾಗಿಲು ಒಂದು ಬಣ್ಣ, ಬಾನೆಟ್ ಇನ್ನೊಂದು ಬಣ್ಣ. ಗಾಡಿಯವನು ಅಲ್ಲಿಂದಲೇ ಫೋನ್ ಮಾಡಿ ನನ್ನ ಮನೆತನವನ್ನೆಲ್ಲ ವಿಚಾರಿಸಿಕೊಳ್ಳುತ್ತಾನೆ.

ನನಗೆ ಕೆಲಸ ಕಲಿಸಿದವರು ಇದಕ್ಕೊಂದು ಪದ್ಧತಿ ಮಾಡಿಕೊಂಡಿದ್ದರು. ಗಾಡಿಯ ಪೆಟ್ರೋಲ್ ಮುಚ್ಚಳ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುವುದು. ಕಲಸಿದ ಬಣ್ಣವನ್ನು ಅಂಗೈಯಗಲದ ತಗಡಿನ ಚೂರುಗಳಿಗೆ ಹೊಡೆದು ಒಣಗಿಸುವುದು. ಎರಡನ್ನೂ ಹಿಡಿದು ಬಸ್ಸು ಹತ್ತಿ ಆಲೂರಿನಲ್ಲಿ ಇಳಿದು ಬಿಸಿಲಲ್ಲಿ ಪಕ್ಕಪಕ್ಕ ಇಟ್ಟು ನೋಡುವುದು. ನಮ್ಮ ಶೆಡ್ಡುಗಳಲ್ಲಿ ಇದಕ್ಕೆ ‘ಆಲೂರು ನೋಡೋದು’ ಅಂತಲೇ ಹೆಸರು. ಕಂಪ್ಯೂಟರಿನಲ್ಲಿ ಬಣ್ಣ ಕಲಸಿಕೊಡುವ ಅಂಗಡಿಗಳು ಬಂದ ಮೇಲೆ ಉಳಿದವರು ಇದನ್ನು ಬಿಟ್ಟರು. ನಾನು ಬಿಡಲಿಲ್ಲ. ನನಗೆ ನನ್ನ ಕಣ್ಣಿನ ಮೇಲೆ ಸ್ವಲ್ಪ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಎರಡು ವರ್ಷದ ಹಿಂದೆ, ಸೆಪ್ಟೆಂಬರಿನ ಒಂದು ಬುಧವಾರ ಬೆಳಿಗ್ಗೆ ಭಾವ ಫೋನ್ ಮಾಡಿದರು. ಭಾವ ಎಂದರೆ ನನ್ನ ಅಕ್ಕನ ಗಂಡ. ದೋಣಿಗಲ್ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಹನ್ನೊಂದು ವರ್ಷದಿಂದ ಡ್ರೈವರ್. ತೋಟದೊಳಗೇ ಅವರಿಗೆ ಮನೆ ಕೊಟ್ಟಿದ್ದರು. ಅಕ್ಕನೂ ಅದೇ ತೋಟದ ಸ್ಟೋರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಕೆಲಸ ಹೋದರೆ ಮನೆಯೂ ಹೋಗುತ್ತದೆ, ಎಸ್ಟೇಟಿನ ಲೆಕ್ಕವೇ ಹಾಗೆ. ಭಾವ ಫೋನಿನಲ್ಲಿ ಏನನ್ನೂ ಬಿಡಿಸಿ ಹೇಳಲಿಲ್ಲ. ಸಾಮಾನು ತಗೊಂಡು ಬಾ, ಯಾರಿಗೂ ಹೇಳಬೇಡ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಸಾಮಾನು ಕಟ್ಟಿಕೊಂಡು ಹೊರಟೆ.

ಕಾರ್ ಶೆಡ್ಡಿನ ಬಾಗಿಲು ತೆಗೆದು ಅವರು ತೋರಿಸಿದಾಗ ವಿಷಯ ತಿಳಿಯಿತು. ಅಮ್ಮಾವರ ಕಾರಿಗೆ, ಹಿಂದಿನ ಎಡಚಕ್ರದ ಮೇಲೆ, ಒಂದು ಗೇಣುದ್ದ ಉಜ್ಜಿಹೋಗಿತ್ತು. ಬಣ್ಣ ಕಿತ್ತು ಒಳಗಿನ ಫೈಬರಿನ ಎಳೆ ಕಾಣುತ್ತಿತ್ತು.

ಅಮ್ಮಾವರು ಎಂದರೆ ತೋಟದ ಒಡತಿ. ಎಪ್ಪತ್ತು ದಾಟಿದ, ಒಂಟಿಯಾಗಿ ತೋಟ ನಡೆಸುವ ಹೆಂಗಸು. ಅರವತ್ತರ ಹೊತ್ತಿಗೆ ಬೇರೆಯವರು ತೀರ್ಥಯಾತ್ರೆಗೆ ಹೋಗುತ್ತಾರೆ, ಇವರು ಕಾರು ತರಿಸಿದರು. ಅದೂ ಎಂಥ ಕಾರು! ಇಬ್ಬರೇ ಕೂರುವಂಥದ್ದು, ನನ್ನ ಸೊಂಟದೆತ್ತರವೂ ಇಲ್ಲ. ಹೊರದೇಶದ ಯಾವುದೋ ಸಣ್ಣ ಕಾರ್ಖಾನೆಯವರು ಕೇಳಿದವರಿಗೆ ಮಾತ್ರ ಕೈಯಲ್ಲಿ ಜೋಡಿಸಿ ಕೊಡುವ ಗಾಡಿ. ಮೈ ಪೂರ್ತಿ ಫೈಬರ್. ಬಣ್ಣ ಅವರೇ ಆರಿಸಿದ್ದು, ಅದಕ್ಕೆ ನಂಬರ್ ಇಲ್ಲ, ಡಬ್ಬಿಯಲ್ಲಿ ಸಿಗುವುದಿಲ್ಲ. ಹಸಿರು ಎನ್ನಬೇಕು, ಆದರೆ ಬಗ್ಗಿ ನೋಡಿದರೆ ಅಂಚಿನಲ್ಲಿ ನೀಲಿ ಏಳುತ್ತದೆ. ನೆರಳಿನಲ್ಲಿ ಕಪ್ಪೇ ಅನ್ನಿಸುತ್ತದೆ. ಭಾನುವಾರ ಬೆಳಿಗ್ಗೆ ಅದನ್ನು ತೆಗೆದು ಘಾಟಿ ರಸ್ತೆಯ ದೋಣಿಗಲ್ ತಿರುವಿನವರೆಗೆ ಒಬ್ಬರೇ ಓಡಿಸಿಕೊಂಡು ಹೋಗಿ ಬರುವುದು ಅವರ ಸುಖ. ಬೇರೆ ಯಾರೂ ಸ್ಟಿಯರಿಂಗ್ ಮುಟ್ಟುವಂತಿರಲಿಲ್ಲ. ಭಾವನ ಪಾಲಿಗೆ ಇದ್ದದ್ದು ತೊಳೆಯುವುದು, ದಿನ ಬಿಟ್ಟು ದಿನ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು, ಪೆಟ್ರೋಲ್ ತರುವುದು.

ಆ ಪೆಟ್ರೋಲಿನದೇ ಒಂದು ಪುರಾಣ. ಸಕಲೇಶಪುರದ ಬಂಕಿನ ಮಾಮೂಲಿ ಪೆಟ್ರೋಲ್ ಅದಕ್ಕೆ ಆಗುತ್ತಿರಲಿಲ್ಲ. ಹಾಕಿದರೆ ಘಾಟಿ ಹತ್ತುವಾಗ ಇಂಜಿನ್ ಒಳಗೆ ಟಕಟಕ ಹೊಡೆದುಕೊಳ್ಳುತ್ತಿತ್ತು. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರಲ್ಲ, ಅದು ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ನೀರಿಗೇನು ಬರ. ಹಾಗಾಗಿ ಹಾಸನದ ಒಂದೇ ಬಂಕಿನಿಂದ, ದುಬಾರಿ ಪೆಟ್ರೋಲನ್ನೇ, ಎರಡು ಸ್ಟೀಲ್ ಕ್ಯಾನಿನಲ್ಲಿ ಭಾವ ಜೀಪಿನಲ್ಲಿ ಹೋಗಿ ತರಬೇಕಿತ್ತು. ಹಿಂದಿನ ಡ್ರೈವರ್ ಅದನ್ನು ಹೊರಗೆ ಮಾರಿಕೊಂಡು, ಕಳೆ ಹೊಡೆಯುವ ಮಷಿನ್ನಿಗೆಂದು ಸ್ಟೋರಿನಲ್ಲಿಟ್ಟ ಪೆಟ್ರೋಲನ್ನು ಕಾರಿಗೆ ಸುರಿದು ಸಿಕ್ಕಿಬಿದ್ದಿದ್ದ. ಅವನನ್ನು ಅವತ್ತೇ ಮಧ್ಯಾಹ್ನ ಸಾಮಾನು ಸಮೇತ ಗೇಟಿನಿಂದಾಚೆ ಕಳಿಸಿದ್ದರಂತೆ. ಭಾವ ಕೆಲಸಕ್ಕೆ ಸೇರಿದ ಮೊದಲ ದಿನವೇ ಅಮ್ಮಾವರು ಈ ಕತೆ ಹೇಳಿದ್ದರು. ಹನ್ನೊಂದು ವರ್ಷದಲ್ಲಿ ಭಾವ ಒಂದು ಹನಿ ಪೆಟ್ರೋಲನ್ನೂ ಅತ್ತಿತ್ತ ಮಾಡಿದವರಲ್ಲ.

ಅಮ್ಮಾವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಗಳೂರಿಗೆ ಹೋಗಿ ತಿಂಗಳ ಹತ್ತಿರವಾಗಿತ್ತು. ಭಾನುವಾರ ಬರುವವರಿದ್ದರು. ಡಾಕ್ಟರು ಕಾರು ಓಡಿಸಬಹುದು ಅಂದಿದ್ದಾರೆ, ಬಂದ ತಕ್ಷಣ ಕಾರು ತೆಗೆಯುತ್ತೇನೆ, ಟ್ಯಾಂಕ್ ತುಂಬಿಸಿಡು ಎಂದು ಫೋನಿನಲ್ಲಿ ಹೇಳಿದ್ದರು. ಭಾವ ಮಂಗಳವಾರ ಹಾಸನಕ್ಕೆ ಹೋಗಿ ಪೆಟ್ರೋಲ್ ತಂದು ಟ್ಯಾಂಕಿಗೆ ಹಾಕಿದ್ದರು. ಆಮೇಲೆ ಜೋರು ಮಳೆ. ಜೀಪಿನ ಟಾಪ್ ಹರಿದಿದೆ, ಸೀಟು ನೆನೆಯುತ್ತದೆ ಎಂದು ಜೀಪನ್ನೂ ಅದೇ ಶೆಡ್ಡಿನೊಳಗೆ ಹಿಂದುಹಿಂದಾಗಿ ತಂದರು. ಅಲ್ಲಿಗೆ ಜೀಪ್ ತರಬಾರದು ಅಂತ ಅಮ್ಮಾವರ ಕಟ್ಟಪ್ಪಣೆಯಿತ್ತು. ಜೀಪಿನ ಹಿಂದಿನ ಕೊಂಡಿ ಕಾರಿನ ಮೈಗೆ ಒರೆಸಿಕೊಂಡೇ ನಿಂತಿತು.

“ಹೇಳ್ಬುಡಿ ಭಾವ, ಫೋನ್ ಮಾಡಿ” ಅಂದೆ. ಅವರು ತಲೆ ಅಲ್ಲಾಡಿಸಿದರು.

“ಬೇಡ ಅಂದಿದ್ದನ್ನೇ ಮಾಡಿದೀನಿ ಕಣೋ. ಏನಂತ ಹೇಳ್ಲಿ? ನಿನ್ ಕೈಲಿ ಆಯ್ತದಾ ಇಲ್ವಾ ಅದ್ನ ಹೇಳು.”

ಆಗುತ್ತದೆ ಅಂದೆ. ಅಕ್ಕನ ಮನೆ ಉಳಿಸಬೇಕು ಅನ್ನುವುದು ಒಂದು. ಇನ್ನೊಂದು, ಆ ಬಣ್ಣ. ಇಂಥ ಬಣ್ಣ ನನ್ನ ಕೈಗೆ ಮತ್ತೆ ಬರುವುದಿಲ್ಲ ಅನ್ನಿಸಿತು. ನಾಚಿಕೆಯ ವಿಷಯ, ಆದರೆ ಆ ಹೊತ್ತಿನಲ್ಲಿ ಯಾವುದು ಹೆಚ್ಚಾಗಿತ್ತು ಎಂದು ಕೇಳಿದರೆ ನನಗೆ ಹೇಳಲಾಗದು.

ಆ ಕಾರಿಗೆ ಪೆಟ್ರೋಲ್ ಮುಚ್ಚಳವೂ ಒಳಗಿನ ಬಿರಡೆಯೂ ಒಂದೇ. ತಿರುಗಿಸಿದರೆ ಪೂರ್ತಿ ಕೈಗೆ ಬರುತ್ತದೆ, ಮೇಲ್ಭಾಗಕ್ಕೆ ಕಾರಿನದೇ ಬಣ್ಣ. ನಾನು ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ಕಾರಿನ ಬೆನ್ನಿನ ಮೇಲೆ ಆಕಾಶಕ್ಕೆ ತೆರೆದಿದ್ದ ಟ್ಯಾಂಕಿನ ಬಾಯಿಗೆ, ಕೈ ಒರೆಸುವ ಬನಿಯನ್ ಬಟ್ಟೆಯ ಉಂಡೆಯೊಂದನ್ನು ಒತ್ತಿ ತುರುಕಿದೆ. ಬೇರೆ ಕಾರುಗಳಲ್ಲಿ ಮುಚ್ಚಳ ತೆಗೆದರೂ ಒಳಗೆ ಬಿರಡೆ ಇರುತ್ತದೆ, ಆ ಅಭ್ಯಾಸದಲ್ಲೇ ನಾನಿದ್ದೆ. ಅದರ ಮೇಲೊಂದು ಪ್ಲಾಸ್ಟಿಕ್ ಕಟ್ಟಬೇಕೆಂದು ತೋಚಲಿಲ್ಲ.

ಅವತ್ತು ಪೂರ್ತಿ ನನ್ನ ಶೆಡ್ಡಿನಲ್ಲಿ ಕೂತು ಹದಿಮೂರು ಚೂರು ಬಣ್ಣ ಮಾಡಿದೆ. ಒಂದಕ್ಕೆ ನೀಲಿ ಒಂದು ಹನಿ ಹೆಚ್ಚು, ಒಂದಕ್ಕೆ ಕಪ್ಪು ಅರ್ಧ ಹನಿ ಕಡಿಮೆ. ಮೋಡದ ಬೆಳಕಿನಲ್ಲಿ ಹದಿಮೂರೂ ಸರಿಯಾಗೇ ಕಂಡವು. ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಆಲೂರಿಗೆ ಹೋದೆ. ಅಲ್ಲಿಯೂ ಮೋಡ. ಬಸ್ ಸ್ಟ್ಯಾಂಡಿನ ಹೊರಗೆ ಕಲ್ಲುಬೆಂಚಿನ ಮೇಲೆ ತಗಡಿನ ಚೂರುಗಳನ್ನೆಲ್ಲ ಹರಡಿಕೊಂಡು, ನಡುವೆ ಮುಚ್ಚಳ ಇಟ್ಟುಕೊಂಡು, ಆಕಾಶ ನೋಡುತ್ತ ಕೂತೆ. ಹಾದುಹೋಗುವವರು ನಾನೇನೋ ಶಾಸ್ತ್ರ ಹೇಳುವವನೆಂದು ನಿಂತು ನೋಡಿದರು. ಪಕ್ಕದಲ್ಲಿ ಬಂದು ಕೂತ ಮೇಷ್ಟ್ರೊಬ್ಬರು ಕಪ್ಪು ಕನ್ನಡಕ ತೆಗೆದು, ಇದು ಎಂಥ ಚಂದದ ನೀಲಿ ಎಂದು ಮುಚ್ಚಳ ಎತ್ತಿಕೊಂಡರು. ಹಸಿರು ಸಾರ್ ಅಂದೆ. ಅವರು ನಕ್ಕು, ತನಗೆ ಹದಿನೈದು ದಿನದ ಹಿಂದೆ ಪೊರೆ ತೆಗೆದಿದ್ದಾರೆಂದೂ ಅಂದಿನಿಂದ ಎಲ್ಲದರಲ್ಲೂ ಮೊದಲು ನೀಲಿಯೇ ಎದ್ದು ಕಾಣುತ್ತದೆಂದೂ ಹೇಳಿದರು. ಮೊದಲು ಪ್ರಪಂಚವೇ ಹಳದಿ ಹಿಡಿದಿತ್ತಂತೆ, ಈಗ ತೊಳೆದಿಟ್ಟಂತೆ ಆಗಿದೆಯಂತೆ.

 ಅಮ್ಮಾವರೂ ಅದೇ ಕಣ್ಣು ಹೊತ್ತು ಬರುತ್ತಿದ್ದಾರೆ. ನನಗೆ ಕಾಣದ ನೀಲಿ ಅವರಿಗೆ ಕಾಣುತ್ತದೆ. ನಾನು ಆ ಮೇಷ್ಟ್ರ ಕೈಹಿಡಿದುಕೊಳ್ಳುವುದೊಂದು ಬಾಕಿ. ಬಿಸಿಲು ಬರುವವರೆಗೆ ಇರಿ ಸಾರ್, ಒಂದು ಉಪಕಾರ ಮಾಡಿ ಎಂದು ಬೇಡಿಕೊಂಡೆ. ಅವರ ಬಸ್ಸು ಬಂತು, ಅವರು ನನಗಾಗಿ ಅದನ್ನು ಬಿಟ್ಟರು. ಹನ್ನೆರಡೂವರೆಯ ಹೊತ್ತಿಗೆ ಮೋಡ ಹರಿದು ಬಿಸಿಲು ಬಿತ್ತು, ಬಿದ್ದದ್ದು ಮೂರು ನಿಮಿಷವಿರಬಹುದು. ಹದಿಮೂರರಲ್ಲಿ ಹನ್ನೊಂದು ನನ್ನ ಕಣ್ಣೆದುರೇ ಸತ್ತುಹೋದವು. ಉಳಿದ ಎರಡರಲ್ಲಿ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಮೇಷ್ಟ್ರು ಎರಡನ್ನೂ ಹಿಂದೆ ಮುಂದೆ ವಾಲಿಸಿ ನೋಡಿ ಒಂದನ್ನು ಮುಚ್ಚಳದ ಪಕ್ಕಕ್ಕೆ ತಳ್ಳಿದರು. ಅದು ಒಂಬತ್ತನೆಯದು.

ಗುರುವಾರ ಸಂಜೆ ಪುಟ್ಟಿ ಹಾಕಿ ಉಜ್ಜಿದೆ. ಶುಕ್ರವಾರ ಪ್ರೈಮರ್. ಫೈಬರ್ ಮೈಗೆ ಜಾಸ್ತಿ ಬಿಸಿ ಕೊಡುವ ಹಾಗಿಲ್ಲ, ಥಂಡಿಯಲ್ಲಿ ಹೊಡೆದರೆ ಬಣ್ಣ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ನಡುನಡುವೆ ಮಳೆ. ಶೆಡ್ಡಿನ ಆ ಮೂಲೆಗೆ ಟಾರ್ಪಾಲನ್ನು ಪರದೆಯಂತೆ ಕಟ್ಟಿ, ದೂರದಲ್ಲಿ ಎರಡು ಬಲ್ಬು ಉರಿಸಿ, ಗಾಳಿಯ ಪಸೆ ಕಡಿಮೆಯಾದಾಗ ಒಂದೊಂದೇ ಕೈ ಹೊಡೆದೆ. ಪ್ರತಿ ಕೈಗೂ ಮುಚ್ಚಳವನ್ನು ಪಕ್ಕಕ್ಕೆ ಹಿಡಿದು ನೋಡಬೇಕಿತ್ತು, ಹಾಗಾಗಿ ಅದು ನನ್ನ ಜೇಬಿನಲ್ಲೇ ಇತ್ತು. ಭಾವ ಬಾಗಿಲಲ್ಲಿ ನಿಂತು ಯಾರಾದರೂ ಬರುತ್ತಾರೇನೋ ಎಂದು ಕಾಯುತ್ತಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಒಮ್ಮೆ ಈ ಕಡೆ ಬಂದಾಗ ಭಾವ ಕಾರಿಗೆ ಪಾಲಿಶ್ ಮಾಡಿಸುತ್ತಿದ್ದೇನೆ ಎಂದರು. ಭಾವನ ಕಿವಿ ಕೆಂಪಾದದ್ದು ನಾನಿದ್ದಲ್ಲಿಗೇ ಕಂಡಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

ಶನಿವಾರ ಮಧ್ಯಾಹ್ನ, ಹೊಳಪಿಗೆಂದು ಮೇಲೆ ಹೊಡೆದ ಕ್ಲಿಯರ್ ಒಣಗಿ, ವಾಟರ್ ಪೇಪರಿನಲ್ಲಿ ಉಜ್ಜಿ, ಪಾಲಿಶ್ ಎಳೆದು ಹಿಂದೆ ಸರಿದು ನೋಡಿದೆ. ಎಲ್ಲಿ ಕೆಲಸ ಮಾಡಿದೆನೆಂದು ನನಗೇ ಗುರುತು ಸಿಗಲಿಲ್ಲ. ಭಾವ ಬೆರಳಿನಲ್ಲಿ ಸವರಿದರು. ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ, ಇಷ್ಟು ಚೆನ್ನಾಗಿ ಹೊಂದಿದ ಬಣ್ಣ ಇನ್ನೊಂದಿಲ್ಲ. ನಾನು ಕುಣಿಯುವುದೊಂದು ಬಾಕಿ.

ಅವರು ಮುಖ ತೊಳೆಯಲು ಹೋದ ಆ ಎರಡು ನಿಮಿಷದಲ್ಲಿ ನಾನು ಮುಚ್ಚಳ ಹಾಕಲು ಹೋದೆ. ಟ್ಯಾಂಕಿನ ಬಾಯಿಯ ಬಟ್ಟೆಯನ್ನು ಎಳೆದೆ. ಅದು ಭಾರವಾಗಿತ್ತು. ಹಿಂಡಿದರೆ ನೆಲಕ್ಕೆ ಧಾರೆಯಾಗಿ ನೀರು ಸುರಿಯಿತು. ತಲೆಯೆತ್ತಿ ನೋಡಿದೆ. ನೇರ ಮೇಲೆ ಶೀಟಿಗೆ ಹೊಡೆದ ಮೊಳೆಯ ಪಕ್ಕ ಒಂದು ತೂತು, ಅದರ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಮೂರು ದಿನದ ಮಳೆ ಆ ಬಟ್ಟೆಯ ಮೇಲೆ ತೊಟ್ಟಿಕ್ಕಿತ್ತು. ಬಟ್ಟೆ ಹೀರುವಷ್ಟು ಹೀರಿ ಉಳಿದದ್ದನ್ನು ಕೆಳಗೆ ಬಿಟ್ಟಿತ್ತು.

ಆಗಲೇ ಹೇಳಬೇಕಿತ್ತು. ಹೇಳಿದ್ದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು, ಭಾವ ಮತ್ತೆ ಹಾಸನಕ್ಕೆ ಓಡಬೇಕು, ರೈಟರಿಗೆ ಇನ್ನೊಂದು ಸುಳ್ಳು ಹೇಳಬೇಕು. ಅಷ್ಟೇ ಆಗಿದ್ದರೆ ಹೇಳುತ್ತಿದ್ದೆನೇನೋ. ನಿಜವಾದ ಕಾರಣ ಬೇರೆ. ನನ್ನ ಕೆಲಸ ನೋಡಿ ಆ ಮನುಷ್ಯ ಅತ್ತು ಮುಖ ತೊಳೆಯಲು ಹೋಗಿದ್ದರು. ಅವರು ವಾಪಸ್ ಬರುವಾಗ ನಾನು ತಪ್ಪು ಮಾಡಿದವನಾಗಿ ನಿಂತಿರಲು ನನಗೆ ಇಷ್ಟವಿರಲಿಲ್ಲ. ಬಟ್ಟೆಯನ್ನು ಚೀಲಕ್ಕೆ ತುರುಕಿ ಮುಚ್ಚಳ ತಿರುಗಿಸಿದೆ. ಒಂದ್ಸಲ ಸ್ಟಾರ್ಟ್ ಮಾಡಿ ನೋಡಿ ಭಾವ ಅಂದೆ. ಇಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡು ಐದು ನಿಮಿಷ ಹುಲಿಯಂತೆ ಓಡಿತು. ಸರಿ, ಏನೂ ಒಳಗೆ ಹೋಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ದೋಸೆಯನ್ನು ಅರ್ಧಕ್ಕೇ ಬಿಟ್ಟೆ. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲಿ ಕೂರುತ್ತದೆ, ನಿಂತ ಗಾಡಿಯಲ್ಲಿ ಐದು ನಿಮಿಷ ಓಡಿದ್ದು ಯಾವುದಕ್ಕೂ ಸಾಕ್ಷಿಯಲ್ಲ. ಇದು ನನಗೆ ಶನಿವಾರವೂ ಗೊತ್ತಿತ್ತು. ಘಾಟಿಯ ಇಳಿಜಾರಿನಲ್ಲಿ ಕಾರು ಮುಂದಕ್ಕೆ ವಾಲಿದಾಗ ಆ ನೀರು ಎಲ್ಲಿಗೆ ಹೋಗುತ್ತದೆ? ಹಿಂದೆ ಲಾರಿ, ಮುಂದೆ ಲಾರಿ, ಮಂಜಿನಲ್ಲಿ ನೆಲಕ್ಕಂಟಿದ ಕಪ್ಪು ಹಸಿರಿನ ಕಾರು ಯಾರ ಕಣ್ಣಿಗೆ ಬೀಳುತ್ತದೆ? ಕೈ ತೊಳೆದು ಸ್ಕೂಟರ್ ತೆಗೆದೆ.

ತೋಟದ ಅಂಗಳದಲ್ಲಿ ಭಾವ ನಗುತ್ತ ಬಂದರು. ಅಮ್ಮಾವರು ಆಗಲೇ ಬಂದು, ಕಾರಿನ ಸುತ್ತ ಎರಡು ಸುತ್ತು ಹಾಕಿ, ಈಗ ಕಾರಿನ ಬಣ್ಣ ಹೊಸದಾಗಿ ಕಾಣುತ್ತಿದೆ, ನನ್ನ ಕಣ್ಣು ಅಷ್ಟು ಹಾಳಾಗಿತ್ತಲ್ಲ ಎಂದು ಹೇಳಿಕೊಂಡು ಹೊರಟುಹೋಗಿದ್ದರು. ಹೋಗಿ ಹತ್ತು ನಿಮಿಷವಾಗಿತ್ತು. ನಾನು ಜೀಪ್ ತೆಗೆಯಿರಿ ಅಂದೆ. ಯಾಕೆ ಎಂದರು. ಯಾಕೋ ಭಯವಾಗುತ್ತಿದೆ ಅಂದೆ, ಅಷ್ಟು ಹೊತ್ತಿನಲ್ಲೂ ನಿಜ ಬಾಯಿಗೆ ಬರಲಿಲ್ಲ. ಅವರು ಜೀಪು ಹತ್ತುವಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಅಮ್ಮಾವರದು. ಕಾರು ನಿಂತುಬಿಟ್ಟಿದೆ, ತಿರುವಿನಲ್ಲಿ, ಬೇಗ ಬಾ ಎಂದಷ್ಟೇ ಹೇಳಿದರು.

ಆ ಮೂರು ಕಿಲೋಮೀಟರ್ ಹೇಗೆ ಹೋದೆವೆಂದು ನೆನಪಿಲ್ಲ. ಮಂಜು ರಸ್ತೆಯ ಮೇಲೆ ಎದೆಯೆತ್ತರಕ್ಕೆ ಕೂತಿತ್ತು. ಕೆಳಗಿನಿಂದ ಹತ್ತಿ ಬರುವ ಲಾರಿಗಳ ದೀಪ ಮಾತ್ರ ಕಾಣುತ್ತಿತ್ತು. ಪ್ರತಿ ತಿರುವಿಗೂ ಭಾವ ಬಾಯಲ್ಲಿ ದೇವರ ಹೆಸರು ಹೇಳುತ್ತಿದ್ದರು. ಆಮೇಲೆ ಬ್ರೇಕಿನ ಕಿರುಚು ಕೇಳಿತು, ಅದರ ಹಿಂದೆ ಉದ್ದಕ್ಕೆ ಹಾರನ್. ನಾನು ಕಣ್ಣು ಮುಚ್ಚಿಕೊಂಡೆ.

ಟ್ಯಾಂಕರೊಂದು ಅಡ್ಡಡ್ಡ ತಿರುಗಿ ನಿಂತಿತ್ತು. ಅದರ ಮೂತಿಗೂ ಕಾರಿನ ಹಿಂಭಾಗಕ್ಕೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ಅಮ್ಮಾವರು ಆಗಷ್ಟೇ ಕಾರಿನಿಂದಿಳಿದು ರಸ್ತೆ ಬದಿಯ ಮೋಟುಗೋಡೆ ಹಿಡಿದು ನಿಂತಿದ್ದರು.  ಟ್ಯಾಂಕರಿನವನು, ಕ್ಲೀನರ್, ನಾವಿಬ್ಬರು ಸೇರಿ ಕಾರನ್ನು ತಳ್ಳಿ ಬದಿಯ ಅಗಲದ ಜಾಗಕ್ಕೆ ತಂದೆವು. ಟ್ಯಾಂಕರಿನವನು ಎಲ್ಲರಿಗೂ ಒಟ್ಟಿಗೆ ಬಯ್ದು ಹೊರಟುಹೋದ.

ಭಾವ ತಿಳಿದ ಮನುಷ್ಯ. ಜೀಪಿನಿಂದ ಪೈಪು ತಂದು ಟ್ಯಾಂಕಿಗೆ ಇಳಿಸಿ, ಬಾಯಲ್ಲಿ ಎಳೆದು, ಒಂದು ಖಾಲಿ ನೀರಿನ ಬಾಟಲಿಗೆ ಹಿಡಿದರು. ಎತ್ತಿ ಬೆಳಕಿಗೆ ತೋರಿಸಿದರು. ಮೇಲೆ ಪೆಟ್ರೋಲ್, ತಳದಲ್ಲಿ ನಾಲ್ಕು ಬೆರಳು ಕಲಗಚ್ಚಿನಂಥ ನೀರು. ತಮ್ಮ ಕೈಯಾರೆ ಹಿಡಿದ ಬಾಟಲಿ ತಮ್ಮ ಮೇಲೇ ಸಾಕ್ಷಿ ಹೇಳುತ್ತಿದೆ ಎಂದು ಅವರಿಗೆ ಹೊಳೆಯುವ ಮೊದಲೇ ಅಮ್ಮಾವರಿಗೆ ಹೊಳೆಯಿತು.

“ಎಷ್ಟು ಲೀಟರ್ ತೆಗ್ದು ಮಾರ್ಕೊಂಡೆ? ಪೆಟ್ರೋಲ್ ಮುಳ್ಳು ಮೇಲಿರ್ಲಿ ಅಂತ ನೀರು ಹುಯ್ದಿದ್ದೀಯ.”

“ಅಮ್ಮಾವ್ರೇ, ಮಕ್ಳಾಣೆ ಇಲ್ಲ.”

“ಹನ್ನೊಂದು ವರ್ಷ ಊಟ ಹಾಕಿದೀನಿ. ಕೇಳಿದ್ರೆ ಕೊಡ್ತಿದ್ದೆ.”

ಭಾವ ಬಾಟಲಿಯನ್ನೇ ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ನೋಡಿದರು. ಆ ಬಟ್ಟೆ ಅವರಿಗೆ ನೆನಪಾಗಿತ್ತು, ಅದು ಅವರ ಮುಖದಲ್ಲೇ ಗೊತ್ತಾಯಿತು. ನನ್ನ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ಅವರು ಬಾಯಿ ತೆಗೆದರೆ ಉಜ್ಜಿದ್ದೂ ಹೊರಬರುತ್ತದೆ, ಮುಚ್ಚಿಟ್ಟದ್ದೂ ಹೊರಬರುತ್ತದೆ ಎಂದು ಸುಮ್ಮನಿದ್ದರೋ, ನನ್ನನ್ನು ಬಿಟ್ಟುಕೊಡಬಾರದೆಂದು ಸುಮ್ಮನಿದ್ದರೋ ಇವತ್ತಿಗೂ ಕೇಳಿಲ್ಲ. ತಲೆ ತಗ್ಗಿಸಿ ನಿಂತರು. ಕಳ್ಳನೆಂದು ಆ ಮನುಷ್ಯನನ್ನು ಗೇಟಿನಿಂದಾಚೆ ಕಳಿಸುತ್ತಾರೆ, ಅಕ್ಕ ಪಾತ್ರೆ ಕಟ್ಟಿಕೊಂಡು ಹಿಂದೆ ಹೋಗುತ್ತಾಳೆ, ಈ ತಾಲೂಕಿನಲ್ಲಿ ಇನ್ಯಾವ ಎಸ್ಟೇಟೂ ಅವರಿಗೆ ಸ್ಟಿಯರಿಂಗ್ ಕೊಡುವುದಿಲ್ಲ. ಎಲ್ಲವೂ ಒಂದೇ ಸಲ ಕಣ್ಣೆದುರು ಬಂತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಹೇಳಿದೆ. ಮೊದಲಿನಿಂದ ಹೇಳಿದೆ. ಜೀಪು, ಕೊಂಡಿ, ಮುಚ್ಚಳ, ಆಲೂರು, ಬಟ್ಟೆ, ಶೀಟಿನ ತೂತು. ನೀರು ನನ್ನಿಂದ ಹೋದದ್ದು, ಭಾವನಿಗೆ ಗೊತ್ತೂ ಇರಲಿಲ್ಲ, ಶನಿವಾರವೇ ನೋಡಿಯೂ ನಾನು ಬಾಯಿ ಬಿಡಲಿಲ್ಲ ಎಂದೆ. ಅಮ್ಮಾವರು ಕೇಳಿಸಿಕೊಂಡು ಕಾರಿನ ಹಿಂದೆ ಹೋಗಿ ಬಗ್ಗಿದರು. ಮಂಜು ಅಷ್ಟರಲ್ಲಿ ಬಿಟ್ಟು ಎಳೆ ಬಿಸಿಲು ಬಿದ್ದಿತ್ತು. ಎಡಚಕ್ರದ ಮೇಲೆ, ಬಲಚಕ್ರದ ಮೇಲೆ, ಮತ್ತೆ ಎಡಚಕ್ರದ ಮೇಲೆ ನೋಡಿದರು. ಬೆರಳಿನಲ್ಲಿ ಸವರಿದರು. ಎದ್ದು ನಿಂತು ನನ್ನನ್ನು ಸೆರಗಿಗೆ ಅಂಟಿದ ಕಸದಂತೆ ನೋಡಿದರು.

“ಇಲ್ಲೇನೂ ಆಗಿಲ್ಲ. ಭಾವನ್ನ ಉಳ್ಸಕ್ಕೆ ಕತೆ ಕಟ್ಬೇಡ.”

ಬಣ್ಣ ಹಾಕಿದ್ದೇನೆ ಅಮ್ಮಾವರೇ ಎಂದೆ. ಎಲ್ಲಿ, ತೋರಿಸು ಎಂದರು. ನಾನು ಬಗ್ಗಿ ತೋರಿಸಲು ಹೋದೆ. ತೋರಿಸಲು ಏನೂ ಇರಲಿಲ್ಲ. ಆ ಬಿಸಿಲಿನಲ್ಲಿ, ಆ ಹೊಸ ಕಣ್ಣಿನೆದುರು, ಹಸಿರು ಅಷ್ಟಗಲಕ್ಕೂ ಒಂದೇ ಆಗಿತ್ತು, ಅಂಚಿನ ನೀಲಿಯೂ ಎಲ್ಲೂ ತುಂಡಾಗಿರಲಿಲ್ಲ. ಅವರು ಆಗಲೇ ಫೋನ್ ತೆಗೆದು ರೈಟರನ್ನು ಕರೆಯುತ್ತಿದ್ದರು. ಡ್ರೈವರ್ ಮನೆಯ ಕೀಲಿ ಇಸಕೊಳ್ಳಿ ಎನ್ನುವುದು ಕೇಳಿಸಿತು. 

ನನ್ನ ಜೇಬಿನಲ್ಲಿ ಪುಟ್ಟಿ ತೆಗೆಯುವ ಸಣ್ಣ ಬ್ಲೇಡ್ ಇತ್ತು. ಅದನ್ನು ತೆಗೆದು, ಮಂಡಿಯೂರಿ, ಎಡಚಕ್ರದ ಮೇಲೆ ಒತ್ತಿ ಎಳೆದೆ. ಹೊಳಪು ಸೀಳಿ ಸುರುಳಿಯಾಗಿ ಬಂತು, ಅದರ ಹಿಂದೆ ಹಸಿರು, ಅದರ ಕೆಳಗೆ ಪ್ರೈಮರ್. ಅಮ್ಮಾವರು ಏನೋ ಅಂದರು, ನನಗೆ ಕೇಳಿಸಲಿಲ್ಲ. ಮತ್ತೆ ಎಳೆದೆ. ಒಂದು ಗೇಣುದ್ದ ಪುಟ್ಟಿ ಹೊರಗೆ ಬಂತು, ಬೂದು ಬಣ್ಣದ್ದು, ಇನ್ನೂ ಹಸಿ ವಾಸನೆಯದ್ದು. ಯಾವ ಕಾರ್ಖಾನೆಯೂ ಹೊಸ ಕಾರಿಗೆ ಪುಟ್ಟಿ ಹಾಕಿ ಕಳಿಸುವುದಿಲ್ಲ. ಬ್ಲೇಡನ್ನು ನೆಲಕ್ಕಿಟ್ಟು ಪಕ್ಕಕ್ಕೆ ಸರಿದೆ.

ಅವರು ಬಗ್ಗಿ ಪುಟ್ಟಿಯನ್ನು ಉಗುರಿನಲ್ಲಿ ಕೆರೆದು ನೋಡಿದರು. ಫೋನಿನಲ್ಲಿ ರೈಟರ್ ಹಲೋ ಹಲೋ ಎನ್ನುತ್ತಿದ್ದುದು ಕೇಳುತ್ತಿತ್ತು. ಏನೂ ಬೇಡ, ಇಡಿ ಎಂದು ಅದನ್ನು ನಿಲ್ಲಿಸಿದರು. ಭಾವನ ಕಡೆ ತಿರುಗಿದರು.

“ನಾಳೆ ಹಾಸನಕ್ಕೆ ಹೋಗಿ ಪೆಟ್ರೋಲ್ ತಗೊಂಡ್ ಬಾ. ಟ್ಯಾಂಕ್ ಪೂರ್ತಿ ತೊಳ್ಸು.”

ಭಾವ ಕೈಮುಗಿದರು. ನಾನು, ಬಣ್ಣ ಮತ್ತೆ ಹಾಕಿಕೊಡುತ್ತೇನೆ, ಅದೇ ಬಣ್ಣ ಇನ್ನೂ ಡಬ್ಬಿಯಲ್ಲಿದೆ ಎಂದೆ. ಅವರು ನನ್ನ ಮುಖ ನೋಡಲಿಲ್ಲ.

“ಬಣ್ಣ ಬೇರೆಯೋರು ಹಾಕ್ತಾರೆ. ಆ ಟ್ಯಾಂಕರ್ ನಿಲ್ದೇ ಇದ್ದಿದ್ರೆ ಇವತ್ತು ನಾನಿರ್ತಿರ್ಲಿಲ್ಲ. ನಿಂಗೆ ನಿನ್ನೇನೇ ಗೊತ್ತಿತ್ತು. ನೀನಿನ್ನು ತೋಟದ ಗೇಟು ದಾಟ್ಬೇಡ.”

 ಅವರು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ. ಅವರು ಜೀಪಿನ ಮುಂದಿನ ಸೀಟಿನಲ್ಲಿ ಹೋಗಿ ಕೂತರು. ಕಾರಿಗೆ ಹಗ್ಗ ಕಟ್ಟುವ ಮೊದಲು ಅದನ್ನು ನೇರ ಮಾಡಬೇಕಿತ್ತು, ಭಾವ ಒಂದು ಕಡೆ, ನಾನು ಒಂದು ಕಡೆ ಹೆಗಲು ಕೊಟ್ಟೆವು. ನನ್ನ ಕಣ್ಣೆದುರಿಗೇ ಆ ಗೇಣುದ್ದದ ಗಾಯ. ಭಾವ ನನಗೆ ಬಯ್ಯುತ್ತಾರೆ ಎಂದು ಕಾದೆ. ಬಯ್ದರೆ ಚೆನ್ನಾಗಿತ್ತು. ಅವರು ತಳ್ಳುತ್ತ ತಳ್ಳುತ್ತ ಅದನ್ನೇ ನೋಡಿ, ನನಗೊಬ್ಬನಿಗೇ ಕೇಳುವಂತೆ ಹೇಳಿದರು.

“ಎಂಥಾ ಕೆಲ್ಸ ಮಾಡಿದ್ದೆ ಮಾರಾಯ. ಹಾಳ್ ಮಾಡ್ಬುಟ್ಯಲ್ಲೋ.”

ನಾನು ಅತ್ತುಬಿಟ್ಟೆ. ಆ ಬಣ್ಣಕ್ಕೆ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ.